ಹಾರ್ಪಿನವರ ತೋರುಬೆರಳು

ಆ ಗುರುವಾರ ದೋನ್ ತೆರಿಯೊ ಎಡಗೈಯನ್ನು ಮೊದಲು ಚಾಚಿದರು.

ಲ್ವಾನ್‌ಗೆ ಅದು ಸರಿಕಾಣಲಿಲ್ಲ. ಆರು ವರ್ಷಗಳಿಂದ ಎರಡು ವಾರಕ್ಕೊಮ್ಮೆ, ಗುರುವಾರ ಹನ್ನೊಂದಕ್ಕೆ, ಈ ಮುದುಕ ಅವಳು ಉಗುರು ತಿದ್ದುವ ಅಂಗಡಿಯ ಬಾಗಿಲು ತಳ್ಳಿಕೊಂಡು ಬರುತ್ತಿದ್ದರು. ಟೋಪಿ ತೆಗೆದು ಮೊಳೆಗೆ ಸಿಕ್ಕಿಸಿ, ಹಿಂದಿನ ನಲ್ಲಿಯಲ್ಲಿ ಕೈ ತೊಳೆದು, ಬೆರಳ ಸಂದುಗಳನ್ನೂ ಬಿಡದೆ ಒರೆಸಿಕೊಂಡು, ಅವಳೆದುರಿನ ಬಿಳಿ ಟವೆಲ್ಲಿನ ಮೇಲೆ ಬಲಗೈ ಇಡುತ್ತಿದ್ದರು. ಮನೆಗೆ ಬಂದವರಿಗೆ ಹಿರಿಯ ಮಗನನ್ನು ಮೊದಲು ತೋರಿಸುವವರ ಹಾಗೆ. ಎಡಗೈಯ ಸರದಿ ಆಮೇಲೆ.

“ಬಲಗೈ ಕೊಡಿ,” ಎಂದಳು ಲ್ವಾನ್.

“ಇವತ್ತು ಇದರಿಂದ ಶುರುಮಾಡು ಮಗಳೇ. ಯಾವಾಗ್ಲೂ ಎರಡನೇ ಸಾಲು ಅಂತ ಇದಕ್ಕೂ ಬೇಜಾರಾಗಿರತ್ತೆ.”

ಪಕ್ಕದ ಮೇಜಿನಲ್ಲಿ ಕೂತಿದ್ದ ವರ್ನೆಟ್ಟಾ ಗೊಳ್ಳೆಂದು ನಕ್ಕಳು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು, ಅವಳೂ ಗುರುವಾರದವಳೇ. “ಲ್ವಾನ್, ಗಂಡಸು ಇಷ್ಟು ನಯವಾಗಿ ಮಾತಾಡ್ತಿದಾನೆ ಅಂದ್ರೆ ಏನೋ ಮುಚ್ಚಿಡ್ತಿದಾನೆ ಅಂತಾನೇ ತಿಳ್ಕೋ. ಕೈ ಬೆನ್ನ ಹಿಂದೆ ಇಟ್ಕೊಂಡು ಬಸ್ಸು ಹತ್ತೋ ಹುಡುಗನ ಮುಷ್ಟೀಲಿ ಕಪ್ಪೆ ಇದ್ದೇ ಇರ್ತಿತ್ತು.”

“ನನ್ನ ಕೈಲಿ ಕಪ್ಪೆ ಇಲ್ಲ ತಾಯಿ,” ಎಂದರು ದೋನ್ ತೆರಿಯೊ.

“ಹಾಗಾದ್ರೆ ತೋರ್ಸಿ ಮತ್ತೆ!”

ಅವರು ತೋರಿಸಲಿಲ್ಲ. ಲ್ವಾನ್ ಒತ್ತಾಯ ಮಾಡಲಿಲ್ಲ. ಎಡಗೈ ಎಳೆದುಕೊಂಡು ಮಾಸ್ಕ್ ಸರಿಮಾಡಿಕೊಂಡಳು. ಮಾತಿಗಿಂತ ಕಾಯುವುದೇ ಅವಳಿಗೆ ಹೆಚ್ಚು ರೂಢಿ. ಕಾದರೆ ಕೈಗಳು ತಾವಾಗಿ ಹೇಳುತ್ತವೆ ಎಂಬುದನ್ನು ಇಪ್ಪತ್ತಮೂರು ವರ್ಷ ಇದೇ ಕೆಲಸ ಮಾಡಿ ಕಂಡುಕೊಂಡಿದ್ದಳು.

ದೋನ್ ತೆರಿಯೊ ಮರಿಯಾಚಿ ಎಂಬ ತುತ್ತೂರಿ-ತಂತಿವಾದ್ಯಗಳ ಜನಪದ ಮೇಳವೊಂದರಲ್ಲಿ ಹಾರ್ಪ್ ನುಡಿಸುವವರು. ಎಪ್ಪತ್ತೊಂದು ವರ್ಷ; ‘ದೋನ್’ ಎಂಬುದು ಅವರಲ್ಲಿ ಹಿರಿಯರ ಹೆಸರಿಗೆ ಸೇರಿಸುವ ಗೌರವದ ಮಾತು. ಮೂವತ್ತಾರು ತಂತಿಗಳ, ಆಳೆತ್ತರದ ವಾದ್ಯ. ಕಿರುಬೆರಳೆರಡನ್ನು ಬಿಟ್ಟು ಉಳಿದ ಎಂಟು ಬೆರಳುಗಳ ಉಗುರಿನಿಂದಲೇ ಅದನ್ನು ಮೀಟಬೇಕು. ವಯಸ್ಸಾಗುತ್ತ ಉಗುರು ಈರುಳ್ಳಿ ಸಿಪ್ಪೆಯಂತಾಗಿ ಪದರಪದರವಾಗಿ ಸೀಳತೊಡಗಿದಾಗ, ಗಂಡಸೊಬ್ಬ ಹೋಗಲು ನಾಚುವ ಈ ಅಂಗಡಿಗೆ ಅವರು ಬಂದಿದ್ದರು. ಆ ಮೊದಲ ದಿನ ಇಡೀ ಅಂಗಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿತ್ತು. ಲ್ವಾನ್ ಎಲ್ಲರಿಗೂ ಮಾಡುವ ಹಾಗೆ ನೀಟಾಗಿ, ಚೆಂದವಾಗಿ ಅಕ್ರಿಲಿಕ್ಕಿನ ಎಂಟು ಕೃತಕ ಉಗುರು ಕಟ್ಟಿಕೊಟ್ಟಿದ್ದಳು. ಅವರು ಜೇಬಿನಿಂದ ಅಂಗೈಯಗಲದ ಹಲಗೆಯೊಂದನ್ನು ತೆಗೆದರು. ಅದಕ್ಕೆ ನಾಲ್ಕು ತಂತಿ ಬಿಗಿದಿದ್ದವು. ಒಂದೊಂದೇ ಬೆರಳಲ್ಲಿ ಮೀಟಿ ಕೇಳಿ ತಲೆಯಾಡಿಸಿದ್ದರು. “ನೋಡೋಕೆ ರಾಣಿ ಹಾಗಿದೆ. ಮಾತಾಡಿದ್ರೆ ಮರದ ಚಮಚ.”

ಆವತ್ತು ಲ್ವಾನ್ ಮೊದಲ ಬಾರಿಗೆ ಉಗುರನ್ನು ಕಿವಿಯಿಂದ ತೀಡಿದಳು. ಅರದಿಂದ ನಾಲ್ಕು ಎಳೆತ, ಅವರು ಮೀಟುವುದು. ಮತ್ತೆರಡು ಎಳೆತ, ಮತ್ತೆ ಮೀಟುವುದು. ಅಂಚು ಒಂದು ಕೂದಲಿನಷ್ಟು ಓರೆಯಾದಾಗ, ಅಲ್ಲಿಯವರೆಗೆ ಟೊಕ್ಕೆನ್ನುತ್ತಿದ್ದ ತಂತಿ ಇದ್ದಕ್ಕಿದ್ದಂತೆ ನೀರಿನ ಹನಿಯಂತೆ ತೊಟ್ಟಿಕ್ಕಿತು. ಅವಳ ತೋಳಿನ ರೋಮ ಎದ್ದು ನಿಂತಿತ್ತು. ತಾನು ಇಷ್ಟು ವರ್ಷ ಉದುರಿಸಿ ಗುಡಿಸಿ ಚೆಲ್ಲಿದ ಬಿಳಿ ಪುಡಿಯೊಳಗೆ ಇಂಥದೂ ಇತ್ತೇ ಎಂದು ಅವಳು ಬಹಳ ಹೊತ್ತು ಕಸದ ಬುಟ್ಟಿಯನ್ನು ನೋಡುತ್ತ ಕೂತಿದ್ದಳು.

ಈಗ ಎಡಗೈ ಮುಗಿಯಿತು. ಅವಳು ಬಲಗೈಗಾಗಿ ತನ್ನ ಅಂಗೈ ಬಿಚ್ಚಿ ಟವೆಲ್ಲಿನ ಮೇಲಿಟ್ಟಳು. ದೋನ್ ತೆರಿಯೊ ಕಿಟಕಿಯಾಚೆ ನಿಂತ ತಮ್ಮ ಗಾಡಿಯತ್ತ ನೋಡಿದರು. ನಿಧಾನವಾಗಿ ಬಲಗೈ ಬಂತು.

ಹೆಬ್ಬೆರಳು, ನಡುಬೆರಳು, ಉಂಗುರಬೆರಳು ಗಾಜಿನಂತೆ ಸ್ವಚ್ಛ. ತೋರುಬೆರಳಿನ ಉಗುರಿಗೆ ಮಾತ್ರ ಚರ್ಮದ ಬಣ್ಣದ ಪಾಲಿಶ್.

“ಮೊಮ್ಮಗಳು ತಮಾಷೆಗೆ ಹಚ್ಚಿದ್ಳು,” ಎಂದರು.

“ಒಂದೇ ಬೆರಳಿಗಾ?” ಎಂದಳು ವರ್ನೆಟ್ಟಾ. “ಪಾಪ, ಬೇಗ ಬೇಜಾರಾಯ್ತೇನೋ.”

ಲ್ವಾನ್ ಹತ್ತಿಯನ್ನು ಅಸಿಟೋನ್‌ನಲ್ಲಿ ಅದ್ದಿ ಬಣ್ಣ ಒರೆಸಿದಳು. ಕೆಳಗೆ ಹಸಿರು. ತಾಮ್ರದ ಪಾತ್ರೆಗೆ ಕಿಲುಬು ಹಿಡಿದಾಗಿನ ಹಸಿರು, ಉಗುರಿನ ತುದಿಯಿಂದ ನಡುವಿನವರೆಗೆ ಹಬ್ಬಿತ್ತು. ಅಂಚಿನಲ್ಲಿ ಒಣಗಿದ ಅಂಟು ಬಿಳಿ ಹಕ್ಕಳೆಯಂತೆ ಕೂತಿತ್ತು.

ಅಂಗಡಿಯ ಒಡತಿ ಕತ್ತು ಚಾಚಿ ನೋಡಿದಳು. ಲ್ವಾನ್‌ಳ ಗಂಡನ ಅಕ್ಕ ಅವಳು. ಅವರ ತಾಯ್ನಾಡಿನ ಕಡೆ ಹುಟ್ಟಿದ ಸರದಿಯ ಮೇಲೆ ಕರೆಯುವುದು ರೂಢಿ. ಹಾಗಾಗಿ ಇಡೀ ಅಂಗಡಿಗೇ ಅವಳು ಏಳನೆಯಕ್ಕ. “ಅಯ್ಯೋ, ಕಪ್ಪೆ ಇತ್ತಲ್ರೀ!” ಎಂದಳು.

ಯಾರೂ ನಗಲಿಲ್ಲ.

“ಅಂಟು ಹಾಕಿದ್ರಾ?” ಎಂದು ಲ್ವಾನ್ ಕೇಳಿದಳು.

“ಹಾರ್ಪ್ ಗಾಡಿಗೆ ಏರಿಸುವಾಗ ಪಟ್ಟಿಯ ಕೊಕ್ಕೆಗೆ ಸಿಕ್ಕಿ ತುದಿ ಎದ್ದುಬಿಡ್ತು. ತಂಗಿಯ ಮನೆಗೆ ಲರೇಡೊಗೆ ಹೊರಟಿದ್ದೆ. ಸೂಪರ್ ಗ್ಲೂ ಇತ್ತು, ಒಂದು ತೊಟ್ಟು ಬಿಟ್ಟೆ.” ಅವರು ಜೇಬು ತಟ್ಟಿದರು, ತಂತಿವಾದ್ಯದವರೆಲ್ಲರ ಜೇಬಿನಲ್ಲೂ ಅದೊಂದು ಕೊಳವೆ ಇದ್ದೇ ಇರುತ್ತದೆ. “ಹಿಂದಿನ ಸಲ ಬರ್ಬೇಕಿತ್ತು. ತಂಗಿಗೆ ಹುಷಾರಿರ್ಲಿಲ್ಲ, ಪಾತ್ರೆ ಬಟ್ಟೆ ಎಲ್ಲ ನಂದೇ ಆಯ್ತು.”

“ಉಗುರು ಏಳೋದೇನೂ ತಪ್ಪಲ್ಲ ದೋನ್ ತೆರಿಯೊ. ಎದ್ದಿದ್ದನ್ನ ಮೇಲಿಂದ ಮುಚ್ಚಿದ್ದು ತಪ್ಪು. ನೀರು ಒಳಗೇ ಉಳ್ಕೊಂತು, ಸೋಂಕು ಹತ್ತಿತು.”

“ನೋವೇನೂ ಇಲ್ಲ.”

“ನೋಯಲ್ಲ. ಅದಕ್ಕೇ ಯಾರಿಗೂ ತಿಳಿಯಲ್ಲ.”

“ಸರಿ. ತೆಗ್ದು ಹೊಸದು ಹಾಕು.”

“ತೆಗೀತೀನಿ,” ಎಂದಳು ಲ್ವಾನ್. ಅಷ್ಟೇ ಹೇಳಿದಳು. ಉಳಿದರ್ಧ ಹಾಗೇ ಉಳಿಯಿತು. ಅವಳ ದೋಷವೇ ಅದು. ಹೇಳಬೇಕಾದ್ದನ್ನು ಅವಳು ಯಾವಾಗಲೂ ಇಪ್ಪತ್ತು ನಿಮಿಷ ತಡವಾಗಿ ಹೇಳುತ್ತಿದ್ದಳು.

ಮೇಲಿನ ದಪ್ಪವನ್ನು ಅರದಿಂದ ಮೆಲ್ಲಗೆ ಇಳಿಸಿದಳು. ಆ ಅರವನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಿ ಕೈಗವಸು ಬದಲಿಸಿದಳು. ಬೆರಳ ಸುತ್ತ ಎಣ್ಣೆ ಸವರಿ, ಅಸಿಟೋನ್‌ನಲ್ಲಿ ಅದ್ದಿದ ಹತ್ತಿ ಇಟ್ಟು, ಬೆಳ್ಳಿಹಾಳೆ ಸುತ್ತಿದಳು. ಇನ್ನು ಕಾಯಬೇಕು. ಅವಸರ ಪಟ್ಟು ಎಬ್ಬಿದರೆ ಅಕ್ರಿಲಿಕ್ಕಿನ ಜೊತೆ ನಿಜವಾದ ಉಗುರಿನ ಪದರವೂ ಕಿತ್ತು ಬರುತ್ತದೆ. ಕಾದರೆ ಅದು ತಾನೇ ಮೇಣದಂತೆ ಮೆತ್ತಗಾಗಿ ಜಾರುತ್ತದೆ.

ಆ ಇಪ್ಪತ್ತು ನಿಮಿಷದಲ್ಲಿ ದೋನ್ ತೆರಿಯೊ ಶನಿವಾರದ ವಿಷಯ ಹೇಳಿದರು. ಬೆಳ್ಳಿಹಾಳೆಯ ಬೆರಳನ್ನು ಎತ್ತಿ ಹಿಡಿದುಕೊಂಡೇ ಹೇಳಿದರು.

ಮೇಳ ಕಟ್ಟಿದ್ದು ಅವರು ಮತ್ತು ಅವರ ಗೆಳೆಯ. ಗೆಳೆಯ ಈಗ ಇಲ್ಲ. ಆ ಗೆಳೆಯನ ಮಗ ರಾಮಿರೊ ನಡೆಸುತ್ತಾನೆ. ಅವನು ಹೊಸದೊಂದು ಕೀಬೋರ್ಡ್ ಕೊಂಡಿದ್ದಾನೆ. ಅದರೊಳಗೆ ಎಲ್ಲ ವಾದ್ಯಗಳ ಸದ್ದೂ ಇದೆ. ಗುಂಡಿ ಒತ್ತಿದರೆ ಹಾರ್ಪ್ ಕೂಡ ಬರುತ್ತದೆ. ಎತ್ತಿ ಹೊರುವುದು ಬೇಡ, ಶ್ರುತಿ ಮಾಡುವುದು ಬೇಡ.

“ಹುಡುಗ ಕೆಟ್ಟವನಲ್ಲ,” ಎಂದರು. “‘ದೋನ್, ಟ್ರಂಪೆಟ್ ಮಧ್ಯೆ ನಿಮ್ಮ ಹಾರ್ಪ್ ಈಗೀಗ ಕೇಳಿಸ್ತಾನೇ ಇಲ್ಲ. ಶನಿವಾರ ಪಾಸಡೀನಾದ ಹಾಲ್‌ನಲ್ಲಿ ನುಡ್ಸಿ, ನಾನು ಹಿಂದಿನ ಸಾಲಲ್ಲಿ ನಿಂತು ಕೇಳ್ತೀನಿ. ಕೇಳಿಸ್ಲಿಲ್ಲ ಅಂದ್ರೆ ಮನೇಲಿ ಆರಾಮಾಗಿರಿ’ ಅಂದ. ಮೈ ತಟ್ಟಿ ಹೇಳ್ದ. ಬೈದಿದ್ರೆ ಪರವಾಗಿರ್ಲಿಲ್ಲ.”

“ಮನೇಲಿ ಆರಾಮಾಗಿರಿ,” ಎಂದು ವರ್ನೆಟ್ಟಾ ಮೆಲ್ಲಗೆ ಪುನರುಚ್ಚರಿಸಿದಳು. “ನಂಗೂ ಹಿಂಗೇ ಹೇಳಿದ್ರು. ಜೊತೆಗೊಂದು ಕೇಕು.”

ಲ್ವಾನ್ ಗಡಿಯಾರ ನೋಡಿದಳು. ಈ ಮಾತನ್ನು ಅವರು ಮೊದಲೇ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಇಲ್ಲವೇ ಹೇಳದೇ ಇದ್ದಿದ್ದರೆ.

ಬೆಳ್ಳಿಹಾಳೆ ಬಿಚ್ಚಿದಳು. ಮೆತ್ತಗಾದ ಅಕ್ರಿಲಿಕ್ ಮರದ ಕಡ್ಡಿಯ ಒಂದು ನೂಕಿಗೆ ಜಾರಿತು. ಬೆರಳು ತೊಳೆಸಿ ಒರೆಸಿ ದೀಪದ ಕೆಳಗೆ ಹಿಡಿದಳು.

ಆರು ವರ್ಷದಲ್ಲಿ ಈ ಉಗುರನ್ನು ಅವಳು ಇಡಿಯಾಗಿ ನೋಡಿರಲೇ ಇಲ್ಲ. ಎರಡು ವಾರಕ್ಕೊಮ್ಮೆ ಬುಡದಲ್ಲಿ ಅಕ್ಕಿಕಾಳಿನ ದಪ್ಪದಷ್ಟು ಹೊಸದಾಗಿ ಇಣುಕಿದ್ದನ್ನು ಮಾತ್ರ ನೋಡಿ, ಆ ಸಂದು ತುಂಬಿ ಕಳಿಸುತ್ತಿದ್ದಳು. ಯಾರೂ ತಳ್ಳದೆ, ಒಂದು ಕ್ಷಣವೂ ನಿಲ್ಲದೆ ಅದು ಕತ್ತಲೆಯೊಳಗಿಂದ ಮುಂದಕ್ಕೆ ಬರುತ್ತಲೇ ಇತ್ತು. ಮುದುಕ ಮಲಗಿದಾಗಲೂ, ತಂಗಿಯ ಪಾತ್ರೆ ತೊಳೆಯುವಾಗಲೂ, ರಾಮಿರೊ ಮೈ ತಟ್ಟುವಾಗಲೂ. ಬುಡದ ಬಿಳಿ ಅರ್ಧಚಂದ್ರ ಎಳೆಮಗುವಿನದರ ಹಾಗೆ ಮಾಸದೆ ಇತ್ತು. ಅದರ ಮುಂದೆ ಆ ಹಸಿರು. ತೆಳ್ಳಗಿನ ಹಾಳೆಯ ಹಿಂದೆ ಯಾರೋ ದೀಪ ಹಿಡಿದ ಹಾಗಿತ್ತು. ಹೆದರಿಕೆಯ ವಸ್ತುವೊಂದು ಇಷ್ಟು ಸುಂದರವಾಗಿ ಇರಬಾರದಿತ್ತು.

“ಈ ಬೆರಳಿಗೆ ಹಾಕಲ್ಲ,” ಎಂದಳು.

ದೋನ್ ತೆರಿಯೊಗೆ ಅರ್ಥವಾಗಲಿಲ್ಲ. “ಏನು ಹಾಕಲ್ಲ?”

“ಅಕ್ರಿಲಿಕ್. ಈ ಕಲೆ ಬೆಳೆದು ತುದಿಗೆ ಹೋಗೋವರೆಗೆ ಬೇಡ. ಒಣಗಿರ್ಬೇಕು. ಪಾತ್ರೆ ತೊಳೆಯುವಾಗ ಕೈಗವಸು ಹಾಕ್ಕೊಳ್ಳಿ. ಊತ, ನೋವು ಬಂದ್ರೆ ಡಾಕ್ಟ್ರ ಹತ್ರ ಹೋಗಿ. ಕಾಯೋಕೂ ಹೋಗ್ಬೇಡಿ, ಒಂದ್ಸಲ ತೋರಿಸ್ಕೊಂಡೇ ಬಿಡಿ.”

“ಎಷ್ಟು ದಿನ?”

“ನಾಲ್ಕು ತಿಂಗಳು. ಐದೂ ಆಗ್ಬಹುದು.”

“ಶನಿವಾರ ಅಂದೆನಲ್ಲ ಮಗಳೇ.”

ಏಳನೆಯಕ್ಕ ಎದ್ದು ಬಂದು ಲ್ವಾನ್‌ಳ ಕಿವಿಯ ಹತ್ತಿರ ಬಾಗಿದಳು. ತಮ್ಮಿಬ್ಬರ ತಾಯ್ನುಡಿಯಲ್ಲಿ ಪಿಸುಗುಟ್ಟಿದಳು. “ಮೇಲೆ ಸ್ವಲ್ಪ ಉಜ್ಜಿ, ಒಣಗಿಸಿ, ತೆಳ್ಳಗೆ ಒಂದು ಪದರ ಎಳೆದುಬಿಡೇ. ಮೂರು ದಿನ ತಾನೆ? ಭಾನುವಾರ ತೆಗೆದ್ರಾಯ್ತು. ಮುದುಕನ ಮುಖ ನೋಡೋಕಾಗ್ತಿಲ್ಲ.”

“ಗೋಡೆ ಮೇಲೆ ನೀನೇ ನೇತುಹಾಕಿದೀಯಲ್ಲಕ್ಕ, ನಿಯಮದ ಹಾಳೆ.”

“ಅದು ಗೋಡೆಗೆ ಕಣೇ. ಇದು ಮನುಷ್ಯ.”

ಏಳನೆಯಕ್ಕನಿಗೂ ಗೊತ್ತಿಲ್ಲದ ಒಂದು ಕೈ ಲ್ವಾನ್‌ಳ ನೆನಪಿಗೆ ಬಂದಿತ್ತು. ಅಮೆರಿಕಕ್ಕೆ ಬಂದ ಎರಡನೇ ವರ್ಷ, ಬೇರೆ ಊರು, ಬೇರೆ ಅಂಗಡಿ. ಮರುದಿನ ಮದುವೆ ಎಂದು ಬಂದಿದ್ದ ಹುಡುಗಿಯ ಉಂಗುರಬೆರಳಿನಲ್ಲಿ ಸಾಸಿವೆಯಷ್ಟು ಹಸಿರು. ನಾಳೆ ಒಂದು ದಿನ ಎಂದು ಆ ಹುಡುಗಿ ಅಂಗಲಾಚಿದಳು. ಲ್ವಾನ್ ಮುಚ್ಚಿ, ಮೇಲೆ ಮುತ್ತಿನ ಬಣ್ಣ ಬಳಿದು ಕಳಿಸಿದಳು. ಹುಡುಗಿ ಒಂದು ದಿನಕ್ಕೆ ಬರಲಿಲ್ಲ, ಆರು ವಾರಕ್ಕೆ ಬಂದಳು. ಆ ಬೆರಳಲ್ಲಿ ಉಗುರು ಇರಲಿಲ್ಲ. ಬೈಯಲಿಲ್ಲ, ಅಳಲಿಲ್ಲ. ಕೈಯನ್ನು ಟವೆಲ್ಲಿನ ಮೇಲಿಟ್ಟು ಸುಮ್ಮನೆ ಕೂತಳು. ಲ್ವಾನ್ ಕೂಡ ಸುಮ್ಮನೆ ಕೂತಳು. ಇಬ್ಬರೂ ಆ ಬೆರಳನ್ನು ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಹುಡುಗಿ ಎದ್ದು ಹೋದಳು. ಆ ಮೌನ ಇನ್ನೂ ಮುಗಿದಿಲ್ಲ ಎಂದು ಲ್ವಾನ್‌ಗೆ ಕೆಲವೊಮ್ಮೆ ಅನ್ನಿಸುತ್ತಿತ್ತು.

ದೋನ್ ತೆರಿಯೊ ಎದ್ದು ನಿಂತರು. ಅವರ ದನಿ ಏರಿದ್ದನ್ನು ಆ ಅಂಗಡಿ ಅದೇ ಮೊದಲು ಕೇಳಿದ್ದು. “ಈ ರಸ್ತೇಲಿ ಇಪ್ಪತ್ತು ಅಂಗಡಿ ಇವೆ!”

“ಇವೆ,” ಎಂದಳು ಲ್ವಾನ್. “ಅದರಲ್ಲಿ ಯಾರಾದ್ರೂ ಹಾಕ್ಕೊಡ್ತಾರೆ. ಶನಿವಾರ ಚೆನ್ನಾಗಿ ನುಡಿಸ್ತೀರಿ. ಆಮೇಲೆ ಇನ್ನೊಂದು ಕಾರ್ಯಕ್ರಮ ಬರತ್ತೆ, ಆಮೇಲೆ ಇನ್ನೊಂದು. ತೆಗೆಸೋಕೆ ಯಾವತ್ತೂ ಬಿಡುವಾಗಲ್ಲ. ಒಂದು ದಿನ ಉಗುರು ತಾನೇ ಕಳಚ್ಕೊಂಡು ಕೈಗೆ ಬರತ್ತೆ. ನಾನು ನೋಡಿದೀನಿ.”

ಅವಳು ಒಟ್ಟಿಗೆ ಇಷ್ಟು ಮಾತಾಡಿದ್ದು ಏಳನೆಯಕ್ಕನಿಗೇ ಆಶ್ಚರ್ಯ. ದೋನ್ ತೆರಿಯೊ ತಮ್ಮ ಬೋಳು ಬೆರಳನ್ನು ನೋಡಿಕೊಂಡರು. ಅದು ಬೇರೆ ಯಾರದೋ ಕೈಯಿಂದ ಬಂದು ಅಂಟಿಕೊಂಡಂತೆ ಚಿಕ್ಕದಾಗಿ, ಎಳಸಾಗಿ ಕಾಣುತ್ತಿತ್ತು. ಟೋಪಿಗೆ ಕೈ ಹಾಕಿದರು, ತೆಗೆಯಲಿಲ್ಲ.

“ಇದಿಲ್ದೆ ಸ್ವರಗಳ ಓಟ ಬರಲ್ಲ ಮಗಳೇ,” ಎಂದರು, ದನಿ ಇಳಿಸಿ. “ಹೆಬ್ಬೆರಳು, ಇದು. ಹೆಬ್ಬೆರಳು, ಇದು. ಎರಡು ಕಾಲಿದ್ದ ಹಾಗೆ.”

“ನಡುಬೆರಳು ಆಗಲ್ವಾ?”

“ಅದು ದಪ್ಪ ದನಿ. ಮೂರು ತಂತಿ ಒಟ್ಟಿಗೆ ಎಳೀವಾಗ ಭಾರ ಹೊರೋಕೆ ಅಂತ ನೀನೇ ಅಗಲಕ್ಕೆ ತೀಡಿಕೊಟ್ಟಿದೀಯ. ಓಟದಲ್ಲಿ ಅದು ಕುಂಟತ್ತೆ.”

“ನಾನು ತೀಡಿದ್ದು ತಾನೆ?”

ಅವರು ತಲೆ ಎತ್ತಿದರು.

“ಹಾರ್ಪ್ ಎಲ್ಲಿದೆ?”

“ಗಾಡೀಲಿ.”

“ತನ್ನಿ.”

ವರ್ನೆಟ್ಟಾ ಒದ್ದೆ ಬಣ್ಣದ ಬೆರಳುಗಳನ್ನು ಗಾಳಿಯಲ್ಲಿ ಹರಡಿಕೊಂಡೇ ಎದ್ದು ಮೊಣಕೈಯಿಂದ ಬಾಗಿಲು ತೆರೆದು ಹಿಡಿದಳು. “ಹುಷಾರು ಮಹರಾಯ, ಇನ್ನೊಂದು ಬೆರಳು ಸಿಕ್ಕಿಸ್ಕೋಬೇಡಿ.” ದೋನ್ ತೆರಿಯೊ ಮಗುವನ್ನು ಹೆಗಲಿಗೆ ಹಾಕಿಕೊಂಡಂತೆ ಹಾರ್ಪ್ ಹೊತ್ತು ತಂದರು. ಕೆಂಪು ದೇವದಾರಿನ ಒಡಲು, ಬೆವರಿಗೆ ಕಪ್ಪಾದ ಕುತ್ತಿಗೆ. ಕಾಲು ತೊಳೆಯುವ ಕುರ್ಚಿಗಳ ನಡುವೆ ಅದನ್ನು ನಿಲ್ಲಿಸಿದಾಗ ಅಂಗಡಿ ಚಿಕ್ಕದಾಯಿತು.

ಲ್ವಾನ್ ಹೊಸ ಅರ ತೆಗೆದಳು. ಬಲಗೈಯ ನಡುಬೆರಳಿನ ಹಳೆಯ ಉಗುರನ್ನು ತೆಳ್ಳಗೆ ಇಳಿಸಿ, ಬುಡದ ಹೊಸ ಉಗುರಿನ ಹೊಳಪನ್ನಷ್ಟೇ ಹಗುರಾಗಿ ಅಳಿಸಿದಳು. ಬ್ರಷ್ಷನ್ನು ದ್ರವದಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒತ್ತಿ ಹೆಚ್ಚಿನದನ್ನು ಹಿಂಡಿ, ತುದಿಯನ್ನು ಪುಡಿಗೆ ಮುಟ್ಟಿಸಿದಳು. ಸಬ್ಬಕ್ಕಿಯಂಥ ಒಂದು ಮಣಿ ಎದ್ದು ಬಂತು. ನೀರಾಗಿರಬಾರದು, ಹರಿದು ಚರ್ಮ ಮುಟ್ಟುತ್ತದೆ. ಒಮ್ಮೆ ಚರ್ಮಕ್ಕೆ ಒಗ್ಗದಾದರೆ ಜೀವಮಾನವಿಡೀ ಒಗ್ಗುವುದಿಲ್ಲ. ಒಣಗಿರಲೂ ಬಾರದು, ಹಿಡಿಯುವುದಿಲ್ಲ. ಮಣಿಯನ್ನು ಉಗುರಿನ ಮೇಲೆ ಇಳಿಸಿ, ಬುಡದ ಚರ್ಮಕ್ಕೆ ಕೂದಲೆಳೆಯಷ್ಟು ಜಾಗ ಬಿಟ್ಟು, ಒತ್ತಿ, ಎಳೆದು, ತುದಿಯಲ್ಲಿ ತೆಳುವಾಗಿಸಿದಳು. ಮೂರು ಮಣಿ. ಆಮೇಲೆ ಕಾದಳು. ಬ್ರಷ್ಷಿನ ಹಿಡಿಯಿಂದ ಉಗುರು ತಟ್ಟಿದಳು. ಮಂಕು ಸದ್ದು. ಇನ್ನೂ ಕಾದಳು. ಎರಡನೇ ಸಲ ತಟ್ಟಿದಾಗ ಪಿಂಗಾಣಿಯಂತೆ ಟಿಣ್ ಎಂದಿತು. ಹರಿಯುತ್ತಿದ್ದದ್ದು ನಿಂತಿತ್ತು. ದಿನಕ್ಕೆ ನೂರು ಸಲ ಕೇಳುವ ಸದ್ದು ಅದು. ಆವತ್ತು ಹೊಸದಾಗಿ ಕೇಳಿಸಿತು.

“ಮೀಟಿ.”

ಅವರು ಮೀಟಿದರು. ಗೋಡೆಯ ಯಂತ್ರ ಗುಂಯ್‌ಗುಟ್ಟುತ್ತ ಘಾಟು ಗಾಳಿ ಹೀರುತ್ತಿತ್ತು. ಅದರಡಿ ಏನೂ ತಿಳಿಯಲಿಲ್ಲ. ಲ್ವಾನ್ ದ್ರವದ ಬಟ್ಟಲಿಗೆ ಮುಚ್ಚಳ ಹಾಕಿ, ಪುಡಿಯ ಡಬ್ಬಿ ಮುಚ್ಚಿ, ಹತ್ತಿಯ ಕಸವನ್ನು ಚೀಲದಲ್ಲಿ ಕಟ್ಟಿ ಹೊರಗಿಟ್ಟು ಬಂದು ಏಳನೆಯಕ್ಕನತ್ತ ನೋಡಿದಳು.

“ಹನ್ನೊಂದು ವರ್ಷದಿಂದ ಕೆಲಸದ ಹೊತ್ತಲ್ಲಿ ಇದನ್ನ ನಿಲ್ಲಿಸಿಲ್ಲ ಕಣೇ,” ಎಂದಳು ಏಳನೆಯಕ್ಕ.

“ಹತ್ತು ನಿಮಿಷ ಅಕ್ಕ. ಎಲ್ಲ ಮುಚ್ಚಿದೀನಿ.”

ಏಳನೆಯಕ್ಕ ಗುಂಡಿ ಒತ್ತಿದಳು.

ಯಂತ್ರ ನಿಟ್ಟುಸಿರಿಟ್ಟು ನಿಂತಿತು. ಅಷ್ಟು ದಿನ ಆ ಸದ್ದಿನ ಕೆಳಗೆ ಏನಿತ್ತು ಎಂಬುದು ಈಗ ಮೆಲ್ಲಗೆ ಮೇಲೆದ್ದಿತು. ಪಕ್ಕದ ಅಂಗಡಿಯಲ್ಲಿ ಬಟ್ಟೆ ಒಗೆಯುವ ಯಂತ್ರ ತಿರುಗುವ ಸದ್ದು. ವರ್ನೆಟ್ಟಾಳ ಉಸಿರು. ಕಿಟಕಿಯ ಬಿಸಿಲಿನ ಪಟ್ಟಿಯಲ್ಲಿ ಬಿಳಿ ಧೂಳು ನಿಂತಲ್ಲೇ ನಿಂತಿತ್ತು.

ದೋನ್ ತೆರಿಯೊ ಮೀಟಿದರು. ದಪ್ಪ ದನಿ. ಲ್ವಾನ್ ಮಂಡಿಯೂರಿ ಅವರ ಬೆರಳು ಹಿಡಿದು ಎಡ ಅಂಚಿನಲ್ಲಿ ಮೂರು ಎಳೆತ ಎಳೆದಳು. ಮೀಟಿದರು. ಮತ್ತೆ ಎರಡು. ಮೀಟಿದರು. ಈಗ ತುದಿಯನ್ನು ಓರೆ ಮಾಡಿದಳು, ತೋರುಬೆರಳಿನದಕ್ಕಿಂತ ಹೆಚ್ಚು ಓರೆ, ಉದ್ದನೆಯ ಬೆರಳು ಬಾಗಿ ಬರುವ ದಾರಿಗೆ ತಕ್ಕ ಹಾಗೆ. ಮೀಟಿದರು. ಅವರ ಹುಬ್ಬು ಮೇಲೇರಿತು. ಲ್ವಾನ್ ಎಡಗೈಯನ್ನು ಹಾರ್ಪಿನ ಒಡಲ ಮೇಲಿಟ್ಟಳು. ಕಿವಿಗೆ ಬರುವ ಮೊದಲೇ ಅದು ಅಂಗೈಗೆ ಬರುತ್ತಿತ್ತು. ಇನ್ನೊಂದೇ ಎಳೆತ. ಅದೂ ಹೆಚ್ಚಾಯಿತೇನೋ ಎಂದು ಉಸಿರು ಹಿಡಿದಳು.

ಆಮೇಲೆ ಬಂದ ದನಿ ತೋರುಬೆರಳಿನದಾಗಿರಲಿಲ್ಲ, ನಡುಬೆರಳಿನದೂ ಆಗಿರಲಿಲ್ಲ. ಇಬ್ಬರೂ ಅದನ್ನು ಹಿಂದೆ ಕೇಳಿರಲಿಲ್ಲ.

ದೋನ್ ತೆರಿಯೊ ಕಣ್ಣು ಮುಚ್ಚಿ ಓಟ ಶುರುಮಾಡಿದರು. ಹೆಬ್ಬೆರಳು, ನಡುಬೆರಳು, ಹೆಬ್ಬೆರಳು, ನಡುಬೆರಳು. ಮೊದಲು ತಡವರಿಸಿದರು. ಬೋಳು ಬೆರಳು ಅಭ್ಯಾಸಬಲದಿಂದ ಮುಂದೆ ಬಂದು ತಂತಿಯನ್ನು ಮುಟ್ಟಿ, ಸದ್ದಿಲ್ಲದೆ ಜಾರಿ ಹೋಗುತ್ತಿತ್ತು. ಅವರು ತಡೆಯಲು ನೋಡಿದರು. ಆಮೇಲೆ ತಡೆಯುವುದನ್ನು ಬಿಟ್ಟರು. ಬೋಳು ಬೆರಳು ಬಂದ ಕಡೆಯೆಲ್ಲ ಒಂದು ಸ್ವರ ಕಾಣೆಯಾಯಿತು. ಓಟ ಓಡುತ್ತ ಓಡುತ್ತ ಒಂದೊಂದು ಕಡೆ ಬಾಯಿ ಮುಚ್ಚಿ, ಮುಂದಿನ ಹೆಜ್ಜೆಯಲ್ಲಿ ಮತ್ತೆ ಬಾಯಿ ತೆರೆಯುತ್ತಿತ್ತು. ಮೊದಲು ಅದು ತಪ್ಪಿನಂತೆ ಕೇಳಿಸಿತು. ಎರಡನೇ ಸುತ್ತಿನಲ್ಲಿ ಅದೇ ಜಾಗದಲ್ಲಿ ಅದೇ ಮೌನ ಬಂತು. ಮೂರನೇ ಸುತ್ತಿಗೆ ಲ್ವಾನ್ ಆ ಮೌನಕ್ಕಾಗಿಯೇ ಕಾಯತೊಡಗಿದ್ದಳು. ಬಾರದ ಆ ಸ್ವರ ಬಂದ ಸ್ವರಗಳಿಗಿಂತ ಸ್ಪಷ್ಟವಾಗಿ ಕೇಳುತ್ತಿತ್ತು. ಅವಳ ಅಂಗೈಯ ಕೆಳಗೆ ಹಾರ್ಪಿನ ಒಡಲು ನಡುಗುವುದು, ನಿಲ್ಲುವುದು, ನಡುಗುವುದು ಮಾಡುತ್ತಿತ್ತು.

ಎಷ್ಟು ಹೊತ್ತೋ. ಮುಗಿದ ಮೇಲೂ ವರ್ನೆಟ್ಟಾ ಹರಡಿ ಹಿಡಿದ ಹತ್ತು ಬೆರಳನ್ನು ಇಳಿಸುವುದನ್ನೇ ಮರೆತಿದ್ದಳು. ಏಳನೆಯಕ್ಕ ಗೋಡೆಯ ಕಡೆ ತಿರುಗಿ ಗುಂಡಿ ಒತ್ತಿದಳು. ಯಂತ್ರ ಮತ್ತೆ ಗುಂಯ್‌ಗುಟ್ಟಿತು.

“ಇದು ಕೇಳಿಸತ್ತಾ?” ಎಂದು ದೋನ್ ತೆರಿಯೊ ಕೇಳಿದರು. “ಹಾಲ್‌ನ ಹಿಂದಿನ ಸಾಲಿಗೆ?”

“ಗೊತ್ತಿಲ್ಲ,” ಎಂದಳು ಲ್ವಾನ್.

ನಿಜಕ್ಕೂ ಅವಳಿಗೆ ಗೊತ್ತಿರಲಿಲ್ಲ. ಅವರು ಹೊರಡುವ ಮೊದಲು ಅಂಟಿನ ಕೊಳವೆಯನ್ನು ಕೇಳಿ ಇಸಿದುಕೊಂಡು ತನ್ನ ಮೇಜಿನ ಡ್ರಾಯರಿಗೆ ಹಾಕಿಕೊಂಡಳು.

ಶನಿವಾರ ಅಂಗಡಿಯಲ್ಲಿ ಉಸಿರಾಡಲು ಬಿಡುವಿರಲಿಲ್ಲ. ನಾಲ್ಕು ಗಂಟೆಗೆ ಲ್ವಾನ್ ಒಬ್ಬ ಹುಡುಗಿಯ ಹೆಬ್ಬೆರಳು ಹಿಡಿದುಕೊಂಡು ಗಡಿಯಾರ ನೋಡಿದಳು. “ಏನಾಯ್ತು ಆಂಟಿ, ನನ್ನ ಉಗುರಲ್ಲಿ ಏನಾದ್ರೂ ಇದೆಯಾ?” ಎಂದು ಹುಡುಗಿ ಗಾಬರಿಯಾದಳು. “ಇಲ್ಲಮ್ಮ, ಚೆನ್ನಾಗಿದೆ,” ಎಂದು ಮತ್ತೆ ತಲೆ ತಗ್ಗಿಸಿದಳು. ಮುಂದಿನ ಗುರುವಾರ ಅವರ ಸರದಿಯಲ್ಲ. ವರ್ನೆಟ್ಟಾಗೂ ಯಾವ ಸುದ್ದಿಯೂ ತಿಳಿದಿರಲಿಲ್ಲ. “ಫೋನ್ ಮಾಡಿ ಕೇಳೇ,” ಎಂದಳು ಏಳನೆಯಕ್ಕ. ಲ್ವಾನ್ ಮಾಡಲಿಲ್ಲ. ಆ ರಾತ್ರಿಗಳಲ್ಲಿ ತಾನು ಸರಿಯಾದದ್ದನ್ನೇ ಮಾಡಿದೆ ಎಂದು ಅವಳಿಗೆ ಗೊತ್ತಿತ್ತು, ಗೊತ್ತಿದ್ದರೂ ಅದು ಹಗುರವಾಗಲಿಲ್ಲ. ಸರಿಯಾದದ್ದು ಒಬ್ಬ ಮುದುಕನನ್ನು ಮನೆಯಲ್ಲಿ ಕೂರಿಸಿಬಿಟ್ಟಿರಬಹುದು.

ಅದರ ಮುಂದಿನ ಗುರುವಾರ ಹನ್ನೊಂದಕ್ಕೆ ಬಾಗಿಲು ತೆರೆಯಿತು.

ದೋನ್ ತೆರಿಯೊ ಟೋಪಿ ಮೊಳೆಗೆ ಹಾಕಿದರು. ಕೈ ತೊಳೆದರು, ಬೆರಳ ಸಂದುಗಳನ್ನು ಒರೆಸಿಕೊಂಡರು. ಕೂತು, ಬಿಳಿ ಟವೆಲ್ಲಿನ ಮೇಲೆ ಬಲಗೈ ಇಟ್ಟರು. ಮುಖದಲ್ಲಿ ಏನೂ ಓದುವಂತಿರಲಿಲ್ಲ.

ವರ್ನೆಟ್ಟಾ ಬಾಯಿ ತೆರೆದಳು. ಏಳನೆಯಕ್ಕ ಅವಳ ಮೊಣಕೈ ಹಿಡಿದಳು.

ಲ್ವಾನ್ ದೀಪ ಹತ್ತಿರಕ್ಕೆ ಎಳೆದುಕೊಂಡು ಮೊದಲು ತೋರುಬೆರಳನ್ನು ನೋಡಿದಳು. ಚೊಕ್ಕವಾಗಿ ಒಣಗಿತ್ತು. ಹಸಿರು ಮಾಸಿತ್ತು, ಮಾಸಿದ್ದೂ ಮುಂದಕ್ಕೆ ಸರಿದಿತ್ತು. ಅದರ ಹಿಂದೆ, ಅರ್ಧಚಂದ್ರದಿಂದ ಈಚೆಗೆ, ಎರಡು ವಾರಗಳ ಅಗಲದ ಕಲೆಯಿಲ್ಲದ ಉಗುರು ಹೊಸದಾಗಿ ಬಂದು ನಿಂತಿತ್ತು.

ಆಮೇಲೆ ನಡುಬೆರಳನ್ನು ತಿರುಗಿಸಿ ಬೆಳಕಿಗೆ ಹಿಡಿದಳು. ಹಿಡಿದವಳು ಹಾಗೇ ಇದ್ದಳು.

ತಾನು ಓರೆ ಮಾಡಿದ್ದ ಅಂಚಿನಲ್ಲಿ ತಂತಿ ಒಂದು ದಾರಿ ಕೊರೆದಿತ್ತು. ನೂಲಿನಷ್ಟು ಸಣ್ಣದು, ಹೊಳೆಯುವಷ್ಟು ನುಣುಪು. ಒಂದು ಶನಿವಾರದಲ್ಲಿ ಬೀಳುವ ಗುರುತಲ್ಲ ಅದು. ದಿನವೂ ನುಡಿಸಿದರೆ, ಗಂಟೆಗಟ್ಟಲೆ ನುಡಿಸಿದರೆ ಮಾತ್ರ ಅಕ್ರಿಲಿಕ್ ಹೀಗೆ ಸವೆಯುತ್ತದೆ. ಮನೆಯಲ್ಲಿ ಆರಾಮಾಗಿ ಕೂತವರ ಉಗುರಲ್ಲ ಇದು. ಹಾಗಂದುಕೊಂಡು, ಇಲ್ಲ, ಮನೆಯಲ್ಲಿ ಒಬ್ಬರೇ ಕೂತು ನುಡಿಸಿದರೂ ಸವೆಯುತ್ತದಲ್ಲ ಎಂದು ತಡೆದಳು. ಉಂಗುರಬೆರಳನ್ನು ನೋಡಿದಳು. ಅಲ್ಲಿ ಅಂಚು ಒರಟಾಗಿ ಸೀಳಿತ್ತು. ಜೋರಾಗಿ, ಗದ್ದಲದ ನಡುವೆ, ಇತರರ ಜೊತೆ ಎಳೆದಾಗ ಆಗುವ ಸೀಳು.

ಅವಳು ತಲೆ ಎತ್ತಿದಳು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ಅಷ್ಟೇ ಸಾಕಾಯಿತು.

“ರಾಮಿರೊ ಏನೂ ಹೇಳ್ಲಿಲ್ಲ,” ಎಂದರು ದೋನ್ ತೆರಿಯೊ. “ಹಿಂದಿನ ಸಾಲಿಂದ ನಡ್ಕೊಂಡು ಮುಂದೆ ಬಂದ. ಎರಡನೇ ಹಾಡು ಮುಗಿದಿತ್ತು. ಟ್ರಂಪೆಟ್‌ನವರಿಬ್ಬರನ್ನ ನೋಡಿ, ‘ನೀವು ಎರಡು ಹೆಜ್ಜೆ ಹಿಂದೆ ನಿಂತ್ಕೊಳ್ಳಿ’ ಅಂದ. ಅಷ್ಟೇ.”

“ಅಷ್ಟೇನಾ!” ಎಂದಳು ವರ್ನೆಟ್ಟಾ. ಆಮೇಲೆ, ಮೆಲ್ಲಗೆ, “ಎರಡು ಹೆಜ್ಜೆ,” ಎಂದಳು.

“ಆವತ್ತಿಂದ ಹಾಗೇ ನಿಲ್ತಾರೆ.” ಅವರು ತಮ್ಮ ಬೋಳು ಬೆರಳನ್ನು ಎತ್ತಿ ನೋಡಿಕೊಂಡರು. “ಐದು ತಿಂಗಳು ಅಂತ ನೀನು ಅಂದಿದ್ದೆ ಅಲ್ವಾ? ಅದಾದ ಮೇಲೆ ಇದಕ್ಕೆ ಉಗುರು ಹಾಕಿದ್ರೆ, ಆ ಜಾಗ ಇರತ್ತಾ? ಆ ಸುಮ್ಮನಿರೋ ಜಾಗ?”

ಲ್ವಾನ್ ಹೊಸ ಅರವನ್ನು ಕವರಿನಿಂದ ತೆಗೆದಳು. ನಡುಬೆರಳಿನ ಬುಡದಲ್ಲಿ ಅಕ್ಕಿಕಾಳಿನ ದಪ್ಪದಷ್ಟು ಸಂದು ಬಿಟ್ಟಿತ್ತು, ಅದನ್ನು ತುಂಬಬೇಕಿತ್ತು. ತುದಿಯಲ್ಲಿ ತಂತಿ ಕೊರೆದ ದಾರಿಯನ್ನೂ ಸವರಿ ಅಳಿಸಬೇಕು, ಇಲ್ಲದಿದ್ದರೆ ಅಲ್ಲಿಂದಲೇ ಬಿರಿಯುತ್ತದೆ. ಕೆಲಸದ ಕ್ರಮ ಅದು.

ಅರವನ್ನು ಅಂಚಿಗೆ ತಂದಳು. ಆ ಗೆರೆ ದೀಪದಲ್ಲಿ ಹೊಳೆಯಿತು. ಅಳಿಸುವ ಮೊದಲು ಇನ್ನೂ ಸ್ವಲ್ಪ ಹೊತ್ತು ನೋಡಿದಳು.